ಅಧೀಕ್ಷಕರ ಎಡಗಾಲಿನ ಎರಡನೆಯ ಬೆರಳು ಮತ್ತು ಸಕ್ಕರೆಯ ಕುರಿತು

ಹಳೆಯ ದಾಖಲೆಗಳ ಶಾಖೆ
(ನೆಲಮಹಡಿ, ಮೆಟ್ಟಿಲ ಕೆಳಗಿನ ಉದ್ದ ಕೋಣೆ)

ಸಂಖ್ಯೆ: ಹದಾಶಾ/ಸಕ್ಕರೆ/೧/ಎಡಗಾಲು
ಕರಡು ಬರೆದದ್ದು: ಅಧೀಕ್ಷಕರು ಆಸ್ಪತ್ರೆ ಸೇರಿದ ಎರಡನೆಯ ದಿನ
ಹೊರಡಿಸಿದ್ದು: ಆರನೆಯ ದಿನ

ಸುತ್ತೋಲೆ

ವಿಷಯ: ಸಕ್ಕರೆ ಕಾಯಿಲೆಯ ಕಾರಣಗಳು, ಅದರಿಂದ ಶರೀರಕ್ಕೆ ಒದಗುವ ಅಪಾಯಗಳು, ಶಾಖೆಯಲ್ಲಿ ಬಿಸ್ಕತ್ತನ್ನು ಅರ್ಧ ಮುರಿದು ತಿನ್ನುವ ಪದ್ಧತಿಯ ರದ್ದತಿ, ಹಾಗೂ ಅಧೀಕ್ಷಕರ ಎಡಗಾಲಿನ ಎರಡನೆಯ ಬೆರಳನ್ನು ಉಳಿಸಿಕೊಳ್ಳುವ ಕುರಿತು.

ಉಲ್ಲೇಖ:
೧. ರಕ್ತಪರೀಕ್ಷೆಯ ವರದಿ. ಹನ್ನೊಂದು ತಿಂಗಳ ಹಿಂದಿನದು. ಶಾಖೆಯ ಆವಕ ಸಂಖ್ಯೆ ೪೧೭.
೨. ಶೌಚಾಲಯ ಚಲನವಲನ ವಹಿ, ಸಂಪುಟ ಒಂದು.
೩. ನೆಲದ ಮೇಲೆ ಕೆಂಪು ಶಾಯಿ ಚೆಲ್ಲಿದವರು ಯಾರೆಂದು ಕೇಳಿ ಅಧೀಕ್ಷಕರು ಹೊರಡಿಸಿದ ಜ್ಞಾಪನ.
೪. ಅಧೀಕ್ಷಕರ ಧರ್ಮಪತ್ನಿಯವರು ಉಲ್ಲೇಖ ೧ರ ಕಡತದಲ್ಲಿ ಬರೆದ ಟಿಪ್ಪಣಿ, ಕಂಡಿಕೆ ೧೪.

ಪ್ರಸ್ತಾವನೆ:

(ಅ) ಹಳೆಯ ದಾಖಲೆಗಳ ಶಾಖೆಯಲ್ಲಿ ಏಳು ಮೇಜು, ಎಂಟು ಕುರ್ಚಿ ಮತ್ತು ಒಂದು ಕರೆಗಂಟೆ ಇರುತ್ತವೆ. ಏಳನೆಯ ಮೇಜು ಅಧೀಕ್ಷಕರದು. ಕರೆಗಂಟೆಯೂ ಅವರದೇ. ಇಪ್ಪತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಸುತ್ತೋಲೆ ಹೊರಡಿಸಿದ್ದರಿಂದ ಸಿಬ್ಬಂದಿಯು ಅವರಿಗೆ ಬೆನ್ನ ಹಿಂದೆ 'ಕಲಂ ಸಾಹೇಬರು' ಎಂದು ಹೆಸರಿಟ್ಟಿರುವುದು ಅವರ ಗಮನಕ್ಕೆ ಬಂದಿದ್ದು, ಅದಕ್ಕೆ ಅವರು ಒಳಗೊಳಗೇ ಹಿಗ್ಗಿದ್ದೂ ಉಂಟು. ಯಾವ ಸಂಗತಿಯನ್ನಾದರೂ ಕಾಗದದ ಮೇಲೆ ಇಳಿಸಿ ಕೆಳಗೊಂದು ಸಹಿ ಹಾಕಿದರೆ ಅದು ಅರ್ಧ ಬಗೆಹರಿದ ಹಾಗೆ ಎಂಬುದು ಅವರ ನಂಬಿಕೆ. ಉಳಿದರ್ಧ ಎಂದೂ ಬಗೆಹರಿದಿರಲಿಲ್ಲ ಎಂಬುದು ಅವರಿಗೆ ಈಗ ಆಸ್ಪತ್ರೆಯ ಮಂಚದ ಮೇಲೆ ಹೊಳೆದಿರುತ್ತದೆ.

(ಆ) ಕಳೆದ ವರ್ಷ ರವಾನೆ ಗುಮಾಸ್ತೆಯವರು (ಶಾಖೆಯಲ್ಲಿ ಎಲ್ಲರಿಗೂ 'ಲಕೋಟೆ ಅಕ್ಕ') ಪದೇ ಪದೇ ಜಾಗ ಬಿಟ್ಟು ಎದ್ದುಹೋಗುತ್ತಿದ್ದಾರೆಂದು ಅಧೀಕ್ಷಕರಿಗೆ ಕಂಡುಬಂದ ಮೇರೆಗೆ, ಶೌಚಾಲಯ ಚಲನವಲನ ವಹಿಯೊಂದನ್ನು ತೆರೆಯಲಾಯಿತು. ಹೋದ ವೇಳೆ, ಬಂದ ವೇಳೆ, ಕಾರಣ ಎಂದು ಮೂರು ಅಂಕಣ. 'ಕಾರಣ' ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ಸಿಬ್ಬಂದಿ ಕೇಳಲಾಗಿ, 'ಸೂಕ್ತವಾದದ್ದನ್ನು' ಎಂದು ಅಧೀಕ್ಷಕರು ಸ್ಪಷ್ಟೀಕರಣ ನೀಡಿದ್ದರು. ತಿಂಗಳ ಕೊನೆಗೆ ಬೆರಳಚ್ಚುಗಾರರು ತಯಾರಿಸಿದ ಒಟ್ಟು ಲೆಕ್ಕದ ಗೋಷ್ವಾರೆಯಲ್ಲಿ ಲಕೋಟೆ ಅಕ್ಕನವರು ಎರಡನೆಯ ಸ್ಥಾನದಲ್ಲಿದ್ದರು. ದಿನಕ್ಕೆ ಸರಾಸರಿ ಏಳು ಸಲ. ಮೊದಲನೆಯ ಸಾಲನ್ನು ಬೆರಳಚ್ಚುಗಾರರು ತಾಂತ್ರಿಕ ಕಾರಣಗಳಿಂದ ಖಾಲಿ ಬಿಟ್ಟಿದ್ದರು.

ಅಧೀಕ್ಷಕರು ನ್ಯಾಯಕ್ಕೆ ಹೆದರುವವರಾದ್ದರಿಂದ ಆ ಸಾಲನ್ನು ತಮ್ಮ ಕೈಯಾರೆ ತುಂಬಿದರು: ಅಧೀಕ್ಷಕರು, ದಿನಕ್ಕೆ ಹನ್ನೊಂದು ಸಲ. ಇದನ್ನು ಕಂಡ ಲಕೋಟೆ ಅಕ್ಕನವರು ನೀಡಿದ ಹೇಳಿಕೆಯನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: "ಸಾರ್, ತಪ್ಪು ತಿಳ್ಕೋಬೇಡಿ. ನಮ್ಮಣ್ಣನೂ ಹೀಗೇ ಚೊಂಬುಗಟ್ಟಲೆ ನೀರು ಕುಡಿಯೋನು, ಹೀಗೇ ಎದ್ದೆದ್ದು ಹೋಗೋನು. ಒಂದ್ಸಲ ಸಕ್ಕರೆ ನೋಡಿಸ್ಕೊಂಡ್ಬಿಡಿ." ಅಧೀಕ್ಷಕರು ಇದನ್ನು ಲಿಖಿತವಾಗಿ ಕೊಡುವಂತೆ ಸೂಚಿಸಿದರು. ಅಕ್ಕನವರು ಲಿಖಿತವಾಗಿಯೂ ಕೊಟ್ಟರು.

(ಇ) ಅದರಂತೆ ಪರೀಕ್ಷೆ ಮಾಡಿಸಲಾಗಿ, ವರದಿಯು ಕಚೇರಿಯ ವಿಳಾಸಕ್ಕೇ ಬಂತು. ಅಧೀಕ್ಷಕರು ಲಕೋಟೆ ಒಡೆದು ನೋಡಿದರು. ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರ ಹನ್ನೆರಡು. ಅಂಕಿಯ ಪಕ್ಕದಲ್ಲಿ ಕಪ್ಪು ನಕ್ಷತ್ರದ ಗುರುತೊಂದು ಇತ್ತು. ಆಗ ಅವರ ಬಲಗೈ ತಾನಾಗಿಯೇ ಲೇಖನಿ ಎತ್ತಿಕೊಂಡು, ವರದಿಯ ಅಂಚಿನಲ್ಲಿ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು, ಚಿಕ್ಕ ಸಹಿ ಹಾಕಿ, ಅದನ್ನು ಹೊರಹೋಗುವ ಕಾಗದಗಳ ತಟ್ಟೆಗೆ ಹಾಕಿತು. ಇದು ಅಭ್ಯಾಸ ಬಲದಿಂದ ಆದದ್ದೆಂದು ಕರಡಿನಲ್ಲಿ ಮೊದಲು ನಮೂದಿಸಲಾಗಿತ್ತು. ಆ ವಾಕ್ಯವನ್ನು ಹೊಡೆದುಹಾಕಲಾಗಿದೆ. ಹೆದರಿಕೆಯಿಂದ ಆದದ್ದು.

(ಈ) ಜವಾನರು ತಟ್ಟೆಯಲ್ಲಿ ಕಂಡ ಕಾಗದಕ್ಕೆ ಆವಕ ಸಂಖ್ಯೆ ಹಾಕಿ, ರಟ್ಟಿನ ನಡುವೆ ಇಟ್ಟು, ತೂತು ಹೊಡೆದು ದಾರ ಕಟ್ಟಿದರು. ತೂತು ಸರಿಯಾಗಿ ರೋಗಿಯ ಹೆಸರಿನ ಮೇಲೇ ಬಿದ್ದಿತ್ತು. ಹೀಗಾಗಿ ವರದಿ ಯಾರದೆಂದು ಯಾರಿಗೂ ತಿಳಿಯಲಿಲ್ಲ. ಯಾರೋ ಅರ್ಜಿದಾರರದಿರಬೇಕೆಂದು ಎಲ್ಲರೂ ಭಾವಿಸಿದರು. ಕಡತವು ಮೇಜಿಗೆ ನಾಲ್ಕು ವಾರದಂತೆ, ಅಂದರೆ ಶಾಖೆಯ ಎಂದಿನ ವೇಗದಲ್ಲೇ, ಮುಂದೆ ಸಾಗಿತು. ಒಂದನೆಯ ಮೇಜು: 'ಅಂಕಿ ಹೆಚ್ಚಿರುವಂತೆ ತೋರುತ್ತದೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.' ಎರಡನೆಯದು: 'ಹಿಂದಿನ ವರ್ಷದ ಅಂಕಿ ಪಡೆದು ಹೋಲಿಸಬಹುದು.' ಮೂರನೆಯದು: 'ನೋಡಿದೆ.' ನಾಲ್ಕನೆಯದು: 'ಚರ್ಚಿಸಿ.' ಐದನೆಯದು: 'ಯಾರೊಂದಿಗೆ?' ಆರನೆಯದು: 'ಮೇಲಿನ ಟಿಪ್ಪಣಿ ನೋಡಿ.' ಏಳನೆಯ ಮೇಜಿಗೆ, ಅಂದರೆ ಅಧೀಕ್ಷಕರ ಮೇಜಿಗೇ, ಕಡತ ಬಂದಾಗ ಐದೂವರೆ ತಿಂಗಳು ಕಳೆದಿದ್ದವು. ವರದಿ ಯಾರದೆಂದು ಇಡೀ ಶಾಖೆಯಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಅವರು 'ಮತ್ತೊಮ್ಮೆ ಪರಿಶೀಲಿಸಿ' ಎಂದು ಬರೆದು ಕಡತವನ್ನು ಎರಡನೆಯ ಸುತ್ತಿಗೆ ಕಳಿಸಿದರು. ಈ ಟಿಪ್ಪಣಿಯನ್ನು ಬರೆದ ಕೈಯ ಮೇಲೆ ಯಾವ ಶಿಸ್ತುಕ್ರಮ ಕೈಗೊಳ್ಳಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

(ಉ) ಕಡತವು ಎರಡನೆಯ ಸುತ್ತಿನ ಕೊನೆಯಲ್ಲಿದ್ದಾಗ, ಒಂದು ದಿನ ಬೆಳಿಗ್ಗೆ, ಸೂಚನಾ ಫಲಕದಿಂದ ಶೌಚಾಲಯ ವಹಿಯ ಸುತ್ತೋಲೆ ಕಳಚಿ ಬಿತ್ತು. ಅದನ್ನು ಹಿಡಿದಿದ್ದ ಪಿನ್ನು ಅಧೀಕ್ಷಕರ ಎಡ ಚಪ್ಪಲಿಯ ಸವೆದ ತುದಿಯನ್ನು ಕೆಳಗಿನಿಂದ ತೂರಿ ಎರಡನೆಯ ಬೆರಳಿಗೆ ನಾಟಿತು. ಅಧೀಕ್ಷಕರಿಗೆ ಇದು ತಿಳಿಯಲಿಲ್ಲ. ಅವರು ಹನ್ನೊಂದು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಅದೇ ಪಿನ್ನಿನ ಮೇಲೆ ಓಡಾಡಿಕೊಂಡಿದ್ದರು. ನಾಲ್ಕು ಗಂಟೆಗೆ ಜವಾನರು, "ಸಾಹೇಬ್ರೆ, ನೆಲದ ಮೇಲೆಲ್ಲಾ ಯಾರೋ ಕೆಂಪು ಶಾಯಿ ಚೆಲ್ಲಿಬಿಟ್ಟಿದಾರೆ" ಎಂದು ವರದಿ ಮಾಡಿದರು. ಅಧೀಕ್ಷಕರಿಗೆ ಎಲ್ಲಿಲ್ಲದ ಸಿಟ್ಟು ಬಂದು, ಶಾಯಿ ಚೆಲ್ಲಿದವರು ಮೂರು ದಿನದೊಳಗೆ ವಿವರಣೆ ಸಲ್ಲಿಸತಕ್ಕದ್ದೆಂದು ಆಗಿಂದಾಗಲೇ ಜ್ಞಾಪನ ಹೊರಡಿಸಿದರು. ಸ್ಥಳ ಪರಿಶೀಲನೆಗೆ ನೇಮಕವಾದ ಬೆರಳಚ್ಚುಗಾರರು ಹನಿಗಳ ನಕಾಶೆಯನ್ನು ಅಳತೆಯ ಸಮೇತ ಬರೆದರು. ಹನಿಗಳು ಸೂಚನಾ ಫಲಕದ ಬುಡದಲ್ಲಿ ಹುಟ್ಟಿ, ಆರೂ ಮೇಜುಗಳನ್ನು ತನಿಖೆ ಮಾಡಿದಂತೆ ಸುತ್ತಿ, ಏಳನೆಯ ಮೇಜಿನ ಕೆಳಗೆ ಮುಗಿದಿದ್ದವು. ನಕಾಶೆಯನ್ನು ಅಧೀಕ್ಷಕರ ಮುಂದೆ ಇಟ್ಟು ಬೆರಳಚ್ಚುಗಾರರು ತಮ್ಮ ಮೇಜಿಗೆ ಮರಳಿದರು. ಕೊನೆಗೆ ಜವಾನರೇ ಮೇಜಿನ ಕೆಳಗೆ ಬಗ್ಗಿ ನೋಡಿ, "ಸಾಹೇಬ್ರೆ, ಇದು ಶಾಯಿ ಅಲ್ಲ" ಎಂದರು.

(ಊ) ಜ್ಞಾಪನವನ್ನೂ ಪಿನ್ನನ್ನೂ ಹಿಂಪಡೆಯಲಾಯಿತು. ಬೆರಳನ್ನು ಹಿಂಪಡೆಯುವ ಬಗ್ಗೆ ಯಾರೂ ಯೋಚಿಸಲಿಲ್ಲ. ತಮಗೆ ಒಂದಿಷ್ಟೂ ನೋವಾಗಲೇ ಇಲ್ಲವೆಂದು ಅಧೀಕ್ಷಕರು ಎರಡು ದಿನ ಕಂಡಕಂಡವರಲ್ಲಿ ಜಂಬ ಕೊಚ್ಚಿಕೊಂಡರು. ಮನೆಯಲ್ಲಿ ಮಾತ್ರ ಚಳಿಯ ನೆಪ ಹೇಳಿ ಹನ್ನೆರಡು ದಿನ ಕಾಲುಚೀಲ ಹಾಕಿಕೊಂಡೇ ಓಡಾಡಿದರು. ಅವರ ಧರ್ಮಪತ್ನಿಯವರು ಶಾಲಾ ಶಿಕ್ಷಕಿ. ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳ ಸುಳ್ಳನ್ನು ಕಣ್ಣೋಟದಲ್ಲೇ ಹಿಡಿಯುವವರು ಆ ಹನ್ನೆರಡು ದಿನ ಗಂಡನ ಮಾತು ನಂಬಿದ್ದಕ್ಕೆ ಈಗ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ಈ ಬೈಗುಳ ಅವರಿಗೆ ಸಲ್ಲತಕ್ಕದ್ದಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

(ಋ) ಹದಿಮೂರನೆಯ ದಿನ ಅಧೀಕ್ಷಕರು ಜ್ವರದಿಂದ ರಜೆ ಹಾಕಿದರು. ಅದೇ ದಿನ ಕಡತವು ಎರಡು ಸುತ್ತು ಮುಗಿಸಿ ಖಾಲಿ ಕುರ್ಚಿಗೆ ಬಂತು. ಹನ್ನೊಂದು ತಿಂಗಳು ಹಳೆಯದಾದ್ದರಿಂದ ಆರನೆಯ ಮೇಜಿನವರು ಅದಕ್ಕೆ 'ತುರ್ತು' ಎಂಬ ಕೆಂಪು ಚೀಟಿ ಅಂಟಿಸಿದ್ದರು. ತುರ್ತು ಎಂದಿದ್ದರಿಂದ ಜವಾನರು ಅದನ್ನು ಅಧೀಕ್ಷಕರ ಮನೆಗೇ ಒಯ್ದು, ಬಾಗಿಲು ತೆರೆದ ಧರ್ಮಪತ್ನಿಯವರ ಕೈಗಿತ್ತರು. ಹೆಸರನ್ನು ತೂತು ನುಂಗಿತ್ತು. ಆದರೆ ಅಂಚಿನಲ್ಲಿದ್ದ ಚಿಕ್ಕ ಸಹಿಯನ್ನು ಅವರು ಮೂವತ್ತು ವರ್ಷದಿಂದ ಬಲ್ಲವರು. ಅವರು ಹದಿಮೂರು ಟಿಪ್ಪಣಿಗಳನ್ನೂ ನಿಂತಲ್ಲೇ ಓದಿದರು. ಉತ್ತರ ಪತ್ರಿಕೆ ತಿದ್ದುವ ಕೆಂಪು ಲೇಖನಿಯಲ್ಲಿ ಹದಿನಾಲ್ಕನೆಯದನ್ನು ಬರೆದು, ಮಲಗಿದ್ದವರ ಎದೆಯ ಮೇಲೆ ಕಡತವನ್ನಿಟ್ಟರು. 'ನೋಡಿದೆ. ಕಾಲುಚೀಲ ಬಿಚ್ಚಿ.'

ಒಂದು ಗಂಟೆಯೊಳಗೆ ಅಧೀಕ್ಷಕರು ಆಸ್ಪತ್ರೆಯಲ್ಲಿದ್ದರು. ಶಾಖೆಯ ಇತಿಹಾಸದಲ್ಲಿ ಯಾವ ಆದೇಶವೂ ಇಷ್ಟು ಬೇಗ ಜಾರಿಯಾದ ದಾಖಲೆ ಇಲ್ಲ. ದಾರಿಯುದ್ದಕ್ಕೂ ಧರ್ಮಪತ್ನಿಯವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಧೀಕ್ಷಕರಿಗೆ ಜೀವಕ್ಕೆ ಸಮಾಧಾನವಾಗುತ್ತಿತ್ತು.

(ೠ) ಬೆರಳಿನ ತುದಿ ಕಪ್ಪಾಗಿದೆ. ನೋವಾಗಲಿಲ್ಲವೆಂಬ ಅಧೀಕ್ಷಕರ ಹೆಮ್ಮೆಯ ಮಾತಿಗೆ ವೈದ್ಯರು, "ನೋವಾಗ್ಲಿಲ್ಲ ಅನ್ನೋದೇ ರೀ ನಿಮ್ಮ ಕಾಯಿಲೆ" ಎಂದಿದ್ದಾರೆ. ಔಷಧಿ ಕೊಟ್ಟು ಮೂರು ದಿನ ನೋಡುವುದೆಂದೂ, ಕಪ್ಪು ಮೇಲೇರಿದರೆ ಬೆರಳನ್ನು ತೆಗೆಯುವುದೆಂದೂ ತಿಳಿಸಲಾಗಿದೆ. ಆ ಮೂರು ದಿನಗಳಲ್ಲಿ ಮಾಡಲು ಬೇರೆ ಕೆಲಸವಿಲ್ಲದ್ದರಿಂದಲೂ, ಬೇರೇನನ್ನೂ ಮಾಡಲು ಬಾರದ್ದರಿಂದಲೂ, ಅಧೀಕ್ಷಕರು ಮಂಚದ ಮೇಲೆಯೇ ಈ ಕೆಳಕಂಡಂತೆ ಸೂಚಿಸಿರುತ್ತಾರೆ:

೧. ಕಾರಣಗಳು. ವೈದ್ಯರು ಬಿಡಿಸಿ ಹೇಳಿದ್ದು ಅಧೀಕ್ಷಕರ ತಲೆಗೆ ಹೋದ ರೀತಿಯಲ್ಲಿ ಕೆಳಗಿದೆ. ಹೊಟ್ಟೆಯೊಳಗೆ ಮೇದೋಜೀರಕ ಎಂಬ ಗ್ರಂಥಿಯೊಂದಿದ್ದು, ಅದು ಇನ್ಸುಲಿನ್ ಎಂಬ ಸುತ್ತೋಲೆ ಹೊರಡಿಸುತ್ತದೆ. 'ರಕ್ತದಲ್ಲಿ ಬಂದು ನಿಂತಿರುವ ಸಕ್ಕರೆಯನ್ನು ಒಳಗೆ ಕರೆದುಕೊಂಡು ಕೆಲಸಕ್ಕೆ ಹಚ್ಚತಕ್ಕದ್ದು' ಎಂಬುದು ಅದರ ಸಾರಾಂಶ. ಶರೀರದ ಜೀವಕೋಶಗಳು ಕೆಲವು ಕಾಲ ಇದನ್ನು ಪಾಲಿಸುತ್ತವೆ. ಆಮೇಲೆ 'ನೋಡಿದೆ' ಎಂದು ಸಹಿ ಹಾಕಿ ಸುಮ್ಮನಾಗುತ್ತವೆ. ಗ್ರಂಥಿಯು ಜ್ಞಾಪನದ ಮೇಲೆ ಜ್ಞಾಪನ ಹೊರಡಿಸಿ ಹೊರಡಿಸಿ ಸುಸ್ತಾಗುತ್ತದೆ. ಸಕ್ಕರೆಯು ಒಳಗೆ ಕರೆಯುವವರಿಲ್ಲದೆ ವರಾಂಡದಲ್ಲೇ ನಿಂತು, ನಿಂತಲ್ಲಿ ಕೈಗೆ ಸಿಕ್ಕಿದ್ದನ್ನು ಹಾಳು ಮಾಡುತ್ತದೆ. ಇದನ್ನು ಕೇಳಿದಾಗ ತಮ್ಮ ಹೊಟ್ಟೆಯೊಳಗೂ ಒಂದು ಹಳೆಯ ದಾಖಲೆಗಳ ಶಾಖೆ ಇರುವುದು ಅಧೀಕ್ಷಕರಿಗೆ ಮನವರಿಕೆಯಾಯಿತು.

ಜೀವಕೋಶಗಳು ಹೀಗೆ ಮೊಂಡು ಬೀಳುವುದೇಕೆಂದು ಕೇಳಲಾಗಿ, (ಅ) ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಇದ್ದರೆ (ಅಧೀಕ್ಷಕರ ತಂದೆಗೆ ಇತ್ತು, ಮತ್ತು ಅವರು ಬಿಟ್ಟುಹೋದ ಆಸ್ತಿಯಲ್ಲಿ ತಕರಾರಿಲ್ಲದೆ ಕೈಸೇರಿದ್ದು ಇದೊಂದೇ), (ಆ) ಹೊಟ್ಟೆಯ ಸುತ್ತ ಬೊಜ್ಜು ಬೆಳೆದರೆ (ಅಧೀಕ್ಷಕರಿಗೆ ತಮ್ಮ ಪಾದ ನೇರವಾಗಿ ಕಾಣದೆ ಒಂಬತ್ತು ವರ್ಷವಾಗಿದೆ), (ಇ) ಕೂತಲ್ಲೇ ಕೂತಿದ್ದರೆ (ಕರೆಗಂಟೆಯ ಬಗ್ಗೆ ಕಲಂ ೪ ನೋಡಿ), (ಈ) ವಯಸ್ಸಾಗುತ್ತಾ ಬಂದರೆ ಎಂದು ವೈದ್ಯರು ಪಟ್ಟಿ ಕೊಟ್ಟರು. ಸಕ್ಕರೆ ತಿಂದದ್ದೊಂದೇ ಕಾರಣವಲ್ಲವೆಂದು ವೈದ್ಯರು ಹೇಳಿದ ಕೂಡಲೇ ಅಧೀಕ್ಷಕರ ಮುಖ ಅರಳಿದ್ದನ್ನು ಗಮನಿಸಿದ ವೈದ್ಯರು, "ಹಾಗಂತ ತಿನ್ನಿ ಅಂದಿಲ್ಲ" ಎಂದು ತಿದ್ದುಪಡಿ ಹೊರಡಿಸಿದರು.

ವಿವರಣೆ: ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆ ಬೇರೆಯೇ. ಅದರಲ್ಲಿ ಗ್ರಂಥಿಯೇ ಸುತ್ತೋಲೆ ಹೊರಡಿಸುವುದನ್ನು ನಿಲ್ಲಿಸಿರುತ್ತದೆ. ಅದರಲ್ಲಿ ಮಗುವಿನ ತಪ್ಪಾಗಲಿ ಹೆತ್ತವರ ತಪ್ಪಾಗಲಿ ಏನೂ ಇಲ್ಲ. ಅಂಥ ಮಗುವಿನ ಬಗ್ಗೆ ಯಾರಾದರೂ ನಾಲಿಗೆ ಹರಿಬಿಟ್ಟರೆ ಅಧೀಕ್ಷಕರ ಧರ್ಮಪತ್ನಿಯವರ ಬಳಿಗೆ ಕಳಿಸಲಾಗುವುದು.

೨. ಅರ್ಧ ಬಿಸ್ಕತ್ತು. ಶಾಖೆಯಲ್ಲಿ ಯಾರು ಬಿಸ್ಕತ್ತು ಚಾಚಿದರೂ 'ಬೇಡ ಬೇಡ, ಅರ್ಧ ಸಾಕು' ಎನ್ನುವ ಸಂಪ್ರದಾಯವನ್ನು ಅಧೀಕ್ಷಕರೇ ಹುಟ್ಟುಹಾಕಿದ್ದರು. ಆರು ಮೇಜುಗಳಿಂದ ಬೆಳಿಗ್ಗೆ ಆರು ಅರ್ಧ, ಮಧ್ಯಾಹ್ನ ಆರು ಅರ್ಧ ಬರುತ್ತಿದ್ದು, ಇವುಗಳ ಮೊತ್ತವನ್ನು ಇದುವರೆಗೆ ಯಾರೂ ಕೂಡಿಸಿರಲಿಲ್ಲ. ಇನ್ನು ಮುಂದೆ ಎರಡು ಅರ್ಧಗಳನ್ನು ಒಂದು ಎಂದು ಪರಿಗಣಿಸತಕ್ಕದ್ದು. ಕಾಲು ಬಿಸ್ಕತ್ತು, ತುಣುಕು, ಚೂರು, 'ರುಚಿಗೆ ಒಂದಿಷ್ಟು' ಮತ್ತು ತಟ್ಟೆಯ ತಳದ ಪುಡಿಯನ್ನು ಬೆರಳಿಗೆ ಅಂಟಿಸಿಕೊಳ್ಳುವುದು ಇವೆಲ್ಲವೂ 'ತಿನ್ನುವುದು' ಎಂಬ ಪದದ ವ್ಯಾಪ್ತಿಗೆ ಬರುತ್ತವೆ. ನಿಂತುಕೊಂಡು ತಿಂದದ್ದೂ ಲೆಕ್ಕಕ್ಕಿದೆ. ಕಿಟಕಿಯ ಹೊರಗೆ ನೋಡುತ್ತಾ ತಿಂದದ್ದಕ್ಕೂ ವಿನಾಯಿತಿ ಇಲ್ಲ.

೩. ಚಹಾ. 'ಸಕ್ಕರೆ ಕಡಿಮೆ' ಎಂದರೆ ಯಾವುದಕ್ಕಿಂತ ಕಡಿಮೆ ಎಂಬುದನ್ನು ಕೇಳುವವರು ಸ್ಪಷ್ಟಪಡಿಸತಕ್ಕದ್ದು. ಅಧೀಕ್ಷಕರು ಏಳು ವರ್ಷದಿಂದ 'ಕಡಿಮೆ' ಎಂದು ಕುಡಿಯುತ್ತಿದ್ದುದು ಮೂರು ಚಮಚವೆಂದು ಕ್ಯಾಂಟೀನಿನವರು ಈಗ ಬಾಯಿ ಬಿಟ್ಟಿದ್ದಾರೆ. ಈ ಬಗ್ಗೆ ಅವರ ಹೇಳಿಕೆ: "ನಾಲ್ಕು ಹಾಕ್ತಿದ್ದೆ ಮೊದ್ಲು. ಕಡಿಮೆ ಅಂದ್ರಲ್ಲ, ಒಂದು ತೆಗ್ದೆ." ಇದರಲ್ಲಿ ಕ್ಯಾಂಟೀನಿನವರ ಲೋಪ ಕಂಡುಬಂದಿಲ್ಲ.

೪. ಕರೆಗಂಟೆ ಮತ್ತು ನಡಿಗೆ. ಏಳನೆಯ ಮೇಜಿನ ಕರೆಗಂಟೆಯನ್ನು ಜಪ್ತಿ ಮಾಡಿ ಜವಾನರ ವಶಕ್ಕೆ ಕೊಡಲಾಗಿದೆ. ಇನ್ನು ಮುಂದೆ ಜವಾನರು ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸತಕ್ಕದ್ದು, ಅಧೀಕ್ಷಕರು (ಕಾಲು ಗುಣವಾದ ಮೇಲೆ) ಎದ್ದು ಬರತಕ್ಕದ್ದು. ಕೆಲಸವಿಲ್ಲದೆ ಓಡಾಡಲು ಮುಜುಗರಪಡುವ ಸಿಬ್ಬಂದಿಯು ಕಂಕುಳಲ್ಲಿ ಕಡತವೊಂದನ್ನು ಇಟ್ಟುಕೊಂಡು ನಡೆಯಬಹುದು. ಈ ಉದ್ದೇಶಕ್ಕಾಗಿಯೇ ಒಳಗೆ ಏನೂ ಇಲ್ಲದ ಏಳು ಕಡತಗಳನ್ನು ತೆರೆಯಲಾಗಿದೆ. ಪರಂತು, ಸದರಿ ಕಡತಗಳ ಮೇಲೆ ಯಾರೂ ಟಿಪ್ಪಣಿ ಬರೆಯತಕ್ಕದ್ದಲ್ಲ. (ಒಂದನೆಯ ಮೇಜಿನವರು ಈಗಾಗಲೇ ಬರೆದಿರುವುದು ಗಮನಕ್ಕೆ ಬಂದಿದೆ.)

೫. ಅಪಾಯಗಳು. ಈ ಕಲಂ ಅನ್ನು ತಮಾಷೆಯಾಗಿ ಬರೆಯಲು ಮೂರು ಸಲ ಯತ್ನಿಸಿ ಕೈಬಿಡಲಾಗಿದೆ. ಹೆಚ್ಚಾದ ಸಕ್ಕರೆ ವರ್ಷಗಟ್ಟಲೆ ನಿಂತರೆ ಕಣ್ಣು ಕೆಡುತ್ತದೆ. ಮೂತ್ರಪಿಂಡ ಸೋಲುತ್ತದೆ. ಹೃದಯಕ್ಕೂ ಮೆದುಳಿಗೂ ರಕ್ತ ಒಯ್ಯುವ ನಾಳಗಳು ಕಟ್ಟಿಕೊಳ್ಳುತ್ತವೆ. ಕಾಲಿನ ನರಗಳು ಮಂಕಾಗಿ, ಗಾಯವಾದರೆ ಸುದ್ದಿ ಮೇಲಕ್ಕೆ ತಲುಪುವುದಿಲ್ಲ; ತಲುಪಿದ ಮೇಲೂ ಗಾಯ ಬೇಗ ಮಾಯುವುದಿಲ್ಲ. ಇವುಗಳಲ್ಲಿ ಯಾವುದೂ ಬಾಗಿಲು ತಟ್ಟಿ ಬರುವುದಿಲ್ಲ. ಆರಂಭದಲ್ಲಿ ಬರಿಯ ದಾಹ, ಸುಸ್ತು, ಎದ್ದೆದ್ದು ಹೋಗುವುದು, ಕಣ್ಣು ಮಂಜಾಗುವುದು ಇಷ್ಟೇ. ಕೆಲವರಿಗೆ ಅದೂ ಇರುವುದಿಲ್ಲ. ಬೇಗ ಕಂಡುಕೊಂಡು ಹೇಳಿದಂತೆ ಕೇಳಿದರೆ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದೆಂದು ವೈದ್ಯರು ಹೇಳಿದ್ದಾರೆ. ಈ ಮಾತನ್ನು ಅವರು ಅಧೀಕ್ಷಕರ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು.

ಕ್ಷಮಾಪಣೆ: ಅಕ್ಷರಗಳು ಮಸುಕಾಗಿವೆಯೆಂದು ಬೆರಳಚ್ಚುಗಾರರಿಗೆ ಈ ವರ್ಷ ನೀಡಿದ ಮೂರೂ ನೋಟೀಸುಗಳನ್ನು ರದ್ದುಪಡಿಸಲಾಗಿದೆ. ಅಕ್ಷರಗಳು ನೆಟ್ಟಗಿದ್ದವು.

೬. ಶೌಚಾಲಯ ಚಲನವಲನ ವಹಿಯನ್ನು ಮುಚ್ಚಲಾಗಿದೆ. ಅದನ್ನು ಸುಡತಕ್ಕದ್ದೆಂದು ಮೊದಲು ಯೋಚಿಸಲಾಗಿತ್ತು. ಆದರೆ ಅಧೀಕ್ಷಕರು ಇಪ್ಪತ್ತೊಂಬತ್ತು ವರ್ಷದಲ್ಲಿ ತೆರೆದ ವಹಿಗಳಲ್ಲಿ ನಿಜವನ್ನು ಹೇಳಿದ್ದು ಅದೊಂದೇ ಆದ್ದರಿಂದ ಶಾಶ್ವತವಾಗಿ ಕಾಯ್ದಿರಿಸಲಾಗುವುದು.

೭. ಪಾದ ತಪಾಸಣೆ. ಪ್ರತಿ ದಿನ ಬೆಳಿಗ್ಗೆ ಹತ್ತೂವರೆಗೆ ಪ್ರತಿಯೊಬ್ಬ ಸಿಬ್ಬಂದಿಯೂ ತನ್ನ ಎರಡೂ ಪಾದಗಳನ್ನು, ಮೇಲೆ, ಕೆಳಗೆ ಮತ್ತು ಬೆರಳುಗಳ ಸಂದಿಯಲ್ಲಿ, ಖುದ್ದಾಗಿ ನೋಡಿಕೊಳ್ಳತಕ್ಕದ್ದು. ಹೊಟ್ಟೆ ಅಡ್ಡ ಬರುವವರಿಗೆ ಕೈಕನ್ನಡಿ ಒದಗಿಸಲಾಗುವುದು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು, ತಲೆ ಬಾಚುವುದು ಅಧಿಕೃತ ಬಳಕೆಯಲ್ಲ. ಒಬ್ಬರ ಪಾದದ ಬಗ್ಗೆ ಇನ್ನೊಬ್ಬರು ಅಭಿಪ್ರಾಯ ವ್ಯಕ್ತಪಡಿಸುವಂತಿಲ್ಲ. ಚಪ್ಪಲಿಯನ್ನು ತಿರುಗಿಸಿ ಅಟ್ಟೆ ನೋಡದೆ ಯಾರೂ ಮೆಟ್ಟತಕ್ಕದ್ದಲ್ಲ. ಚಪ್ಪಲಿಯಲ್ಲಿ ಸಿಕ್ಕಿದ ಪಿನ್ನು, ಮೊಳೆ, ಕಲ್ಲು ಇತ್ಯಾದಿಗಳನ್ನು ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆಯುವುದು. ಉಗ್ರಾಣದವರು ರಸೀದಿಯನ್ನು ಪಿನ್ನು ಚುಚ್ಚಿ ಕೊಡಕೂಡದು.

೮. ಸಲಹೆಗಾರರು. ಅಧೀಕ್ಷಕರು ಆಸ್ಪತ್ರೆ ಸೇರಿದ ಮೇಲೆ ಅವರನ್ನು ನೋಡಲು ಬಂದ ಹತ್ತೊಂಬತ್ತು ಜನರು ಇಪ್ಪತ್ತಮೂರು ಬಗೆಯ ಸೊಪ್ಪು, ಬೇರು, ಬೀಜ, ಕಹಿ ರಸಗಳನ್ನು ಸೂಚಿಸಿರುತ್ತಾರೆ. 'ಎಲ್ಲಾ ಮಾತ್ರೆ ಬಿಟ್ಬಿಡಿ, ನಮ್ಮ ಭಾವ ಇದರಲ್ಲೇ ವಾಸಿಯಾದ್ರು' ಎನ್ನುವವರು ಸದರಿ ಭಾವನವರನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು. ರಸ ಸೂಚಿಸುವವರು ಮೊದಲ ಲೋಟವನ್ನು ಇಬ್ಬರು ಸಾಕ್ಷಿಗಳ ಮುಂದೆ ತಾವೇ ಕುಡಿಯತಕ್ಕದ್ದು, ಮತ್ತು ಕುಡಿಯುವಾಗ ಮುಖ ಕಿವುಚತಕ್ಕದ್ದಲ್ಲ. ನೋಡಲು ಬರುವಾಗ ಸಿಹಿಯ ಪೊಟ್ಟಣ ತಂದ ಮಾವನವರ ಹೆಸರನ್ನು ಸಂಬಂಧದ ದೃಷ್ಟಿಯಿಂದ ಗೋಪ್ಯವಾಗಿಡಲಾಗಿದೆ.

೯. ರಕ್ತಪರೀಕ್ಷೆಯ ವರದಿಯು ಕಡತವಲ್ಲ. ಅದಕ್ಕೆ ಆವಕ ಸಂಖ್ಯೆ ಹಾಕತಕ್ಕದ್ದಲ್ಲ, ತೂತು ಹೊಡೆಯತಕ್ಕದ್ದಲ್ಲ, ಅದರ ಮೇಲೆ ಏನನ್ನೂ ಬರೆಯತಕ್ಕದ್ದಲ್ಲ. ಅದು ಕೈಗೆ ಬಂದ ದಿನವೇ, ಅದನ್ನು ಹಿಡಿದುಕೊಂಡು, ನಿಂತ ಕಾಲಲ್ಲೇ, ವೈದ್ಯರ ಬಳಿ ಹೋಗತಕ್ಕದ್ದು. ಇದರ ಮುಂದುವರಿದ ಭಾಗವಾಗಿ, ಗೋಷ್ವಾರೆಯ ಎರಡನೆಯ ಸಾಲಿನಲ್ಲಿರುವ ಲಕೋಟೆ ಅಕ್ಕನವರು, ಒಡಹುಟ್ಟಿದ ಅಣ್ಣನಿಗೆ ಕಾಯಿಲೆ ಇದ್ದೂ, ದಿನಕ್ಕೆ ಏಳು ಸಲ ಎದ್ದು ಹೋಗುತ್ತಿದ್ದೂ, ಊರಿಗೆಲ್ಲಾ ಬುದ್ಧಿ ಹೇಳಿ ತಮ್ಮ ರಕ್ತವನ್ನು ಮಾತ್ರ ಇದುವರೆಗೆ ಪರೀಕ್ಷೆ ಮಾಡಿಸದಿರುವುದು ಅಧೀಕ್ಷಕರ ಗಮನಕ್ಕೆ ಬಹಳ ತಡವಾಗಿ ಬಂದಿದೆ. ಅವರು ನಾಳೆ ಬೆಳಿಗ್ಗೆ ಏನೂ ತಿನ್ನದೆ ಹೋಗಿ ರಕ್ತ ಕೊಟ್ಟು ಬರುವುದು. ಇದು ಆದೇಶವಲ್ಲ, ಕೈಮುಗಿದು ಕೇಳಿಕೊಂಡದ್ದು. ಸುತ್ತೋಲೆಯಲ್ಲಿ ಕೈಮುಗಿಯಲು ನಿಯಮಗಳಲ್ಲಿ ಅವಕಾಶವಿಲ್ಲ, ನಿಯಮವನ್ನು ಸಡಿಲಿಸಲಾಗಿದೆ.

೧೦. ಈ ಸುತ್ತೋಲೆಯ ಮೇಲೆ ಯಾರೂ 'ನೋಡಿದೆ' ಎಂದು ಸಹಿ ಹಾಕತಕ್ಕದ್ದಲ್ಲ.

ತಿದ್ದುಪಡಿ (ಐದನೆಯ ದಿನ ಸೇರಿಸಿದ್ದು):

ಕರಡು ಸಿದ್ಧವಾದಾಗ ವಿಷಯದ ಸಾಲಿನಲ್ಲಿ ನಮೂದಿಸಿದ ಬೆರಳು ಅಸ್ತಿತ್ವದಲ್ಲಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅದನ್ನು ತೆಗೆಯಲಾಯಿತು. ಆದ್ದರಿಂದ ವಿಷಯದ ಸಾಲಿನಲ್ಲಿ 'ಉಳಿಸಿಕೊಳ್ಳುವ' ಎಂಬ ಪದಕ್ಕೆ ಬದಲಾಗಿ 'ಕಳೆದುಕೊಂಡ' ಎಂದು ಓದಿಕೊಳ್ಳತಕ್ಕದ್ದು. ತೆಗೆಯುವ ಮುನ್ನ ವೈದ್ಯರು ಅಧೀಕ್ಷಕರ ಮುಂದೆ ಒಪ್ಪಿಗೆಯ ಕಾಗದವೊಂದನ್ನು ಇಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಅಧೀಕ್ಷಕರ ಕೈ ಸಹಿ ಹಾಕಲು ಮೇಲೇಳಲಿಲ್ಲ. ಧರ್ಮಪತ್ನಿಯವರು ಲೇಖನಿಯ ಮುಚ್ಚಳ ತೆಗೆದು ಕೈಗಿಟ್ಟು, "ಹಾಕಿ. ನಾನಿದೀನಿ" ಎಂದರು. ಹಾಕಲಾಯಿತು.

ಕಪ್ಪು ಪಾದಕ್ಕೆ ಏರಿಲ್ಲ. ಪಾದ ಉಳಿದಿದೆ.

ಲಕೋಟೆ ಅಕ್ಕನವರು ಈ ಕರಡನ್ನು ಜಾವಕ ವಹಿಗೆ ಏರಿಸುವ ಮುನ್ನವೇ ಹೋಗಿ ರಕ್ತ ಕೊಟ್ಟು ಬಂದಿದ್ದಾರೆ. ಸಕ್ಕರೆ ಗಡಿಯ ಮೇಲೆ ನಿಂತಿದೆ, ದಾಟಿಲ್ಲ. ವರದಿಯನ್ನು ಅವರು ಸೀದಾ ವೈದ್ಯರಿಗೆ ತೋರಿಸಿ, ಆಮೇಲೆ ಅಧೀಕ್ಷಕರ ಮಂಚದ ಬಳಿ ಬಂದು ತೋರಿಸಿದರು. ಅಧೀಕ್ಷಕರ ಬಲಗೈ ದಿಂಬಿನ ಕೆಳಗಿದ್ದ ಲೇಖನಿಯ ಕಡೆ ಹೊರಟದ್ದನ್ನು ಕಂಡು ಅಕ್ಕನವರು ವರದಿಯನ್ನು ಹಿಂದಕ್ಕೆ ಎಳೆದುಕೊಂಡರು. ಅದು ಸರಿಯಾದ ಕ್ರಮವೆಂದು ಶ್ಲಾಘಿಸಲಾಗಿದೆ.

(ಸಹಿ/-)
ಅಧೀಕ್ಷಕರು
ಹಳೆಯ ದಾಖಲೆಗಳ ಶಾಖೆ
(ಶಿಬಿರ: ಪುರುಷರ ವಾರ್ಡು, ಕಿಟಕಿಯ ಪಕ್ಕದ ಮಂಚ)

ಪ್ರತಿಗಳು:

೧. ಒಂದರಿಂದ ಆರನೆಯ ಮೇಜಿನವರೆಗೆ: ಓದಲು. ಮುಂದಿನ ಮೇಜಿಗೆ ದಾಟಿಸಲು ಅಲ್ಲ.
೨. ಬೆರಳಚ್ಚುಗಾರರಿಗೆ: ಮೇಲಿನ ಕ್ಷಮಾಪಣೆಯೊಂದಿಗೆ. ಹನಿಗಳ ನಕಾಶೆ ಅಚ್ಚುಕಟ್ಟಾಗಿತ್ತು.
೩. ಜವಾನರಿಗೆ: ಕರೆಗಂಟೆಯ ಸಮೇತ.
೪. ಲಕೋಟೆ ಅಕ್ಕನವರಿಗೆ: ಹನ್ನೊಂದು ತಿಂಗಳ ಹಿಂದೆ ಅವರು ಕೊಟ್ಟ ಲಿಖಿತ ಸಲಹೆಗೆ ಉತ್ತರವಾಗಿ. ತಡವಾದದ್ದಕ್ಕೆ ವಿಷಾದಿಸಲಾಗಿದೆ.
೫. ಕ್ಯಾಂಟೀನಿನವರಿಗೆ: ಉಳಿದ ಮೂರು ಚಮಚವನ್ನೂ ತೆಗೆಯುವ ಸಲುವಾಗಿ.
೬. ವೈದ್ಯರಿಗೆ: ಅವಗಾಹನೆಗಾಗಿ. ಅಕ್ಷರ ಅವರದಕ್ಕಿಂತ ಚೆನ್ನಾಗಿರುವುದನ್ನು ಅನ್ಯಥಾ ಭಾವಿಸಬಾರದಾಗಿ ಕೋರಿದೆ.
೭. ಧರ್ಮಪತ್ನಿಯವರಿಗೆ: ತಿದ್ದಿ ಅಂಕ ಕೊಡಲು.
೮. ಎಡಗಾಲಿನ ಎರಡನೆಯ ಬೆರಳಿಗೆ: ಮಾಹಿತಿಗಾಗಿ. (ವಿಳಾಸದಾರರು ಇಲ್ಲವೆಂಬ ಷರಾದೊಂದಿಗೆ ವಾಪಸು ಬಂದಿದೆ.)
೯. ಉಳಿದ ಒಂಬತ್ತು ಬೆರಳುಗಳಿಗೆ: ಕಟ್ಟುನಿಟ್ಟಿನ ಪಾಲನೆಗಾಗಿ. ಏನೇ ಆದರೂ ಕೂಡಲೇ ತಿಳಿಸತಕ್ಕದ್ದು. ಅಧೀಕ್ಷಕರು ಪ್ರತಿ ದಿನ ಹತ್ತೂವರೆಗೆ ಖುದ್ದಾಗಿ ಬಂದು ವಿಚಾರಿಸುತ್ತಾರೆ.